ಕಾಲೇಜಿನ ಇಂಗಾಲದ ಲೆಕ್ಕವೂ ನೆರೆಯ ರೈತನೂ

ಸಂಸಾರವಂದಿಗನು ವರ್ಷಾಂತ್ಯದಲ್ಲಿ ಮನೆಯ ಆಯವ್ಯಯವನ್ನು ನೋಡಿಕೊಳ್ಳುವನಷ್ಟೆ. ಅದರಂತೆಯೇ ಈಚಿನ ವರ್ಷಗಳಲ್ಲಿ ಅನೇಕ ಕಾಲೇಜುಗಳು ತಮ್ಮ ಆವರಣದಿಂದ ಗಾಳಿಗೆ ಸೇರುವ ಇಂಗಾಲಾಮ್ಲ ವಾಯುವಿನ ಲೆಕ್ಕವನ್ನು ಇಡತೊಡಗಿವೆ. ಕಲ್ಲಿದ್ದಲು, ಕಲ್ಲೆಣ್ಣೆಗಳನ್ನು ಉರಿಸಿದಾಗ ಯುಗಯುಗಗಳಿಂದ ಭೂಗರ್ಭದಲ್ಲಿ ಹುದುಗಿದ್ದ ಇಂಗಾಲವು ವಾಯುರೂಪದಿಂದ ಮೇಲೇರಿ, ಭೂಮಂಡಲದ ಶಾಖವನ್ನು ಹೆಚ್ಚಿಸುವುದು. ಹೀಗೆ ಹೊರಬಿಟ್ಟಷ್ಟನ್ನು ಬೇರೆ ವಿಧದಿಂದ ಸರಿದೂಗಿಸಿದರೆ ಅದಕ್ಕೆ ಇಂಗಾಲ ಸಮತೆಯೆಂದು ಹೆಸರು. ಶಾಖವು ಏರಿ ಮಳೆಯ ಕ್ರಮವು ಕೆಟ್ಟರೆ ಅದರ ಪೆಟ್ಟು ಮೊದಲು ಬೀಳುವುದು ಬೇಸಾಯಗಾರನ ಮೇಲೆ. ಆದಕಾರಣ ಈ ಲೆಕ್ಕವು ಊರಿನ ಹಿರಿಯರಿಗೂ ಜಮೀನುದಾರರಿಗೂ ಸಂಬಂಧಪಡದ ವಿಷಯವೆಂದು ಎಣಿಸಲಾಗದು.

ಇದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನದ ವರ್ಮಾಂಟ್ ಪ್ರಾಂತದಲ್ಲಿರುವ ಮಿಡಲ್‌ಬರಿ ಕಾಲೇಜು ಒಳ್ಳೆಯ ನಿದರ್ಶನ. 1800ರಲ್ಲಿ ಸ್ಥಾಪಿತವಾದ ಈ ಕಾಲೇಜಿನ ಸುತ್ತಲೂ ಕಾಡು, ಹುಲ್ಲುಗಾವಲು, ಹಾಲಿನ ಹಸುಗಳ ಕೊಟ್ಟಿಗೆಗಳು. ಅಲ್ಲಿ ಚಳಿಗಾಲವು ಅತಿ ಕಠಿಣ. ಕಟ್ಟಡಗಳನ್ನು ಬೆಚ್ಚಗಿಡಲು ವರ್ಷವೊಂದಕ್ಕೆ ಸುಮಾರು 20 ಲಕ್ಷ ಗ್ಯಾಲನ್ ಕಲ್ಲೆಣ್ಣೆಯು ಉರಿದುಹೋಗುತ್ತಿತ್ತು. ವಿದ್ಯಾರ್ಥಿಗಳು ಮುಂದೆ ಬಂದು ಒತ್ತಾಯಪಡಿಸಲಾಗಿ, ಆಡಳಿತ ಮಂಡಲಿಯು 2016ರೊಳಗಾಗಿ ಇಂಗಾಲ ಸಮತೆಯನ್ನು ಸಾಧಿಸತಕ್ಕದ್ದೆಂದು 2007ರಲ್ಲಿ ನಿರ್ಣಯಿಸಿತು.

ಮೊದಲನೆಯ ಉಪಾಯವು ಸೌದೆಯದು. 2009ರಲ್ಲಿ ಮರದ ಚಕ್ಕೆಗಳನ್ನು ಉರಿಸಿ ಹಬೆಯನ್ನು ತಯಾರಿಸುವ ಯಂತ್ರಸ್ಥಾವರವೊಂದು ಪ್ರಾರಂಭವಾಯಿತು. ಇದಕ್ಕೆ ವರ್ಷಕ್ಕೆ ಸುಮಾರು 20,000 ಟನ್ನು ಚಕ್ಕೆ ಬೇಕಾಗುವುದಾದರೂ ಸುಮಾರು 10 ಲಕ್ಷ ಗ್ಯಾಲನ್ ಎಣ್ಣೆಯು ಉಳಿಯಿತು. ದೂರದ ಎಣ್ಣೆಯ ವ್ಯಾಪಾರಿಗೆ ಹೋಗುತ್ತಿದ್ದ ಹಣದ ಒಂದು ಪಾಲು ಸಮೀಪದ ಕಾಡಿನ ಒಡೆಯರಿಗೂ ಕೆಲಸಗಾರರಿಗೂ ಸಲ್ಲತೊಡಗಿತು.

ಎರಡನೆಯದು ರೈತರಿಗೆ ಇನ್ನೂ ಹತ್ತಿರದ ವಿಷಯ. ಸಮೀಪದ ಸಾಲ್ಸ್‌ಬರಿ ಎಂಬ ಗ್ರಾಮದಲ್ಲಿ ಸುಮಾರು 900 ಹಸುಗಳುಳ್ಳ ಕೊಟ್ಟಿಗೆಯೊಂದರಲ್ಲಿ ಸಗಣಿಯನ್ನೂ, ಆಹಾರದ ತ್ಯಾಜ್ಯವನ್ನೂ ಮುಚ್ಚಿದ ತೊಟ್ಟಿಯಲ್ಲಿ ಕೊಳೆಯಿಸಿ ಅನಿಲವನ್ನು ತೆಗೆಯುವ ಏರ್ಪಾಡು 2021ರಲ್ಲಿ ಕೆಲಸಕ್ಕೆ ಬಂದಿತು. ಆ ಅನಿಲವನ್ನು ಕೊಳವೆಯ ಮೂಲಕ ತರಿಸಿ ಕೊಂಡುಕೊಳ್ಳಲು ಕಾಲೇಜು ಒಡಂಬಟ್ಟಿತು. ನಮ್ಮಲ್ಲಿಯ ಗೋಬರ್ ಅನಿಲದ ತತ್ವವೇ ಅದು. ಅಳತೆ ಮಾತ್ರ ದೊಡ್ಡದು. ಅನಿಲವು ಹೋದ ಮೇಲೆ ಉಳಿಯುವ ಬಗ್ಗಡವು ವ್ಯರ್ಥವಾಗುವುದಿಲ್ಲ. ಅದರ ಗಟ್ಟಿ ಭಾಗವು ಹಸುಗಳಿಗೆ ಹಾಸಾಗಿಯೂ, ತಿಳಿಯಾದ ಭಾಗವು ಹೊಲಕ್ಕೆ ಗೊಬ್ಬರವಾಗಿಯೂ ಒದಗುವುದು. ಅದರಲ್ಲಿಯ ರಂಜಕಾಂಶವನ್ನು ತಗ್ಗಿಸುವುದರಿಂದ, ಮಳೆಯ ನೀರಿನೊಡನೆ ಅದು ಹಳ್ಳಕೊಳ್ಳಗಳಿಗೆ ಹರಿದು ಪಾಚಿಯನ್ನು ಬೆಳೆಸುವ ತೊಂದರೆಯೂ ಕಡಮೆಯಾಗುವುದು.

2016ರ ಕೊನೆಯಲ್ಲಿ ಕಾಲೇಜು ತನ್ನ ಸಂಕಲ್ಪವು ಕೈಗೂಡಿತೆಂದು ಪ್ರಕಟಿಸಿತು. ಅನಿಲದ ಏರ್ಪಾಡು ಆಗಿನ್ನೂ ಇರಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಹಾಗಾದರೆ ಲೆಕ್ಕವು ಸರಿಹೋದದ್ದು ಹೇಗೆ? ಸೌದೆಯ ಹೊಗೆಯು ಶೂನ್ಯವೆಂದು ಹಿಡಿಯಲ್ಪಟ್ಟಿತು. ಉಳಿದ ಹೊಗೆಗೆ ಪ್ರತಿಯಾಗಿ, ಬ್ರೆಡ್ ಲೋಫ್ ಎಂಬಲ್ಲಿ ಕಾಲೇಜಿಗೆ ಸೇರಿದ ಸುಮಾರು 2,100 ಎಕರೆ ಕಾಡನ್ನು ಶಾಶ್ವತವಾಗಿ ಕಾಪಾಡುವುದು ಜಮೆಯಾಯಿತು. ವಿವೇಕಿಗಳು ಇಲ್ಲಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಸೌದೆಯು ಉರಿಯುವಾಗ ಇಂಗಾಲಾಮ್ಲ ವಾಯುವು ಎಣ್ಣೆಗಿಂತ ಕಡಮೆಯೇನೂ ಹೊರಡುವುದಿಲ್ಲ. ಒಲೆಯಲ್ಲಿ ಗಳಿಗೆಯಲ್ಲಿ ಬೂದಿಯಾದ ಮರವು ಕಾಡಿನಲ್ಲಿ ಮತ್ತೆ ಬೆಳೆಯಲು ದಶಕಗಳು ಬೇಕು. ಹಾಗೆಯೇ, ಮೊದಲಿನಿಂದಲೂ ನಿಂತಿದ್ದ ಕಾಡನ್ನು ಕಡಿಯದೆ ಬಿಟ್ಟುದು ಹೊಸ ಸಂಪಾದನೆಯಾದೀತೆ? ಅಜ್ಜ ನೆಟ್ಟ ತೋಪನ್ನು ಈ ವರ್ಷದ ಆದಾಯವೆಂದು ಬರೆದುಕೊಂಡಂತೆ ಆಗಲಾರದೆ? ಕಾಲೇಜಿನ ಶ್ರಮವು ಶ್ಲಾಘ್ಯವಾದುದೇ. ಆದರೆ ಎಣ್ಣೆಯನ್ನು ಉಳಿಸಿದ ಕಾರ್ಯಕ್ಕೂ ಪುಸ್ತಕದಲ್ಲಿ ಜಮೆ ಬರೆದ ಕಾರ್ಯಕ್ಕೂ ಇರುವ ಅಂತರವನ್ನು ಮರೆಯಬಾರದು.

ನಮ್ಮ ನಾಡಿನಲ್ಲಿ ಕಟ್ಟಡ ಬೆಚ್ಚಗಿಡುವ ಚಿಂತೆಯಿಲ್ಲ. ವಿದ್ಯಾರ್ಥಿನಿಲಯದ ಅಡಿಗೆ, ಸ್ನಾನದ ಬಿಸಿನೀರು, ದೀಪ, ನೀರೆತ್ತುವ ಯಂತ್ರ ಇವುಗಳದೇ ವೆಚ್ಚ. ಇವುಗಳಲ್ಲಿ ಬಹುಭಾಗಕ್ಕೆ ಸೂರ್ಯನ ಶಾಖವೂ ಬೆಳಕೂ ಒದಗಬಲ್ಲವು. ಅಡಿಗೆಮನೆಯ ಎಂಜಲು ತಂಗಳು, ಆವರಣದ ತರಗೆಲೆ, ನೆರೆಯ ಕೊಟ್ಟಿಗೆಯ ಸಗಣಿ ಇವು ಅನಿಲವಾಗಿಯೂ ಗೊಬ್ಬರವಾಗಿಯೂ ಮಾರ್ಪಡಬಲ್ಲವು. ಊರಿನ ಸಮೀಪದ ಕಾಲೇಜೊಂದು ಇಂತಹ ಏರ್ಪಾಡಿಗಾಗಿ ಸಗಣಿಯನ್ನೋ ಸೌದೆಯನ್ನೋ ಬೇಡಿ ಬಂದರೆ ಹಿರಿಯರು ಮೂರು ಮಾತುಗಳನ್ನು ವಿಚಾರಿಸತಕ್ಕದ್ದು. ಒಂದು, ಬಗ್ಗಡವು ಸಗಣಿ ಕೊಟ್ಟವರ ಹೊಲಕ್ಕೇ ಹಿಂದಿರುಗುವುದೆ? ಎರಡು, ಕಡಿದ ಮರಕ್ಕೆ ಬದಲಾಗಿ ಗಿಡ ನೆಟ್ಟು, ಅದು ಬೇರೂರುವವರೆಗೆ ನೀರೆರೆಯುವ ಹೊಣೆ ಯಾರದು? ಮೂರು, ಬೆಲೆಯೂ ಅವಧಿಯೂ ಬರಹದಲ್ಲಿ ಗೊತ್ತಾಗಿವೆಯೆ?

ಸಗಣಿಯನ್ನು ಕೊಟ್ಟು ಬಗ್ಗಡವನ್ನು ಪಡೆಯದ ಹೊಲವು ಕೆಲವೇ ವರ್ಷಗಳಲ್ಲಿ ಸಾರಗುಂದುವುದೆಂಬುದು ಬೇಸಾಯಗಾರರಿಗೆ ಹೊಸದಾಗಿ ಹೇಳಬೇಕಾದುದಲ್ಲ. ಕಾಲೇಜಿನ ಲೆಕ್ಕವು ಸರಿಯಾಗಿ, ಹಳ್ಳಿಯ ಲೆಕ್ಕವು ತಪ್ಪಿದರೆ ಅದನ್ನು ಸಮತೆಯೆನ್ನಲಾಗದು. ಎರಡೂ ಒಂದೇ ಪುಸ್ತಕದಲ್ಲಿ ಸರಿಹೋಗುವಂತೆ ಹಿರಿಯರು ನೋಡಿಕೊಂಡಲ್ಲಿ ವಿದ್ಯಾಶಾಲೆಗೂ ಭೂಮಿಗೂ ಏಕಕಾಲದಲ್ಲಿ ಶ್ರೇಯಸ್ಸಾಗುವುದು.