ಸಂತೆ, ಹಾಟ್ ಮತ್ತು ದೋಣಿ

ಕನ್ನಡದ ‘ಸಂತೆ’ಗೆ ಬಂಗಾಳಿಯಲ್ಲಿ ಸಮಾನವಾದ ಶಬ್ದ ‘ಹಾಟ್’. ಅದು ಸಂಸ್ಕೃತದ ‘ಹಟ್ಟ’ದಿಂದ ಬಂದುದು. ವಾರದಲ್ಲಿ ಒಂದೆರಡು ದಿನ ಕೂಡುವ ಈ ಸಂತೆಗಳೇ ದೂರದ ಹಳ್ಳಿಗಳಿಗೆ ಅಕ್ಕಿ, ಉಪ್ಪು, ಎಣ್ಣೆಗಳ ಆಸರೆ. ನಮ್ಮ ಶಾಸನಗಳಲ್ಲಿ ಸಂತೆಯ ಸುಂಕವನ್ನು ಹೇರಿನ ಲೆಕ್ಕದಲ್ಲಿ ಹೇಳುವುದುಂಟು. ಹೇರು ನಿಂತರೆ ಸಂತೆಯೂ ಇಲ್ಲ. ನದೀಮುಖಜ ಬಂಗಾಳದಲ್ಲಿ ಹೇರೆತ್ತಿನ ಕೆಲಸವನ್ನು ದೋಣಿ ಮಾಡುತ್ತಿತ್ತು.

1942ರಲ್ಲಿ, ಜಪಾನೀಯರಿಗೆ ದೊರೆಯಬಾರದೆಂದು, ಹತ್ತು ಜನರನ್ನು ಹೊರಬಲ್ಲ ಮತ್ತು ಅದಕ್ಕಿಂತ ದೊಡ್ಡ ದೋಣಿಗಳನ್ನು ಸರ್ಕಾರವು ಕರಾವಳಿ ಜಿಲ್ಲೆಗಳಿಂದ ತೆರವು ಮಾಡಿಸಿತು. ಬೆಸ್ತರ ಜೀವನೋಪಾಯ ಹೋಯಿತು. ಸಂತೆಗೆ ಸರಕು ಬರುವ ಜಲಮಾರ್ಗಗಳೂ ಬರಿದಾದುವು. ಅದೇ ಅಕ್ಟೋಬರಿನ ಚಂಡಮಾರುತವು ಮೇದಿನೀಪುರದ ಬೆಳೆಯನ್ನು ಕೆಡಿಸಿತು. ಡಿಸೆಂಬರಿನಲ್ಲಿ ಕಲ್ಕತ್ತೆಯ ಸಗಟು ಪೇಟೆಯಲ್ಲಿ ಮಣಕ್ಕೆ 13-14 ರೂಪಾಯಿ ಇದ್ದ ಅಕ್ಕಿ ಮರುವರ್ಷದ ಮೇ ತಿಂಗಳಲ್ಲಿ 30ನ್ನು ಮೀರಿತು. ನಗರದ ಕಾರ್ಖಾನೆಗಳ ಕೆಲಸಗಾರರಿಗೆ ಮಾಲೀಕರ ಮೂಲಕ ಅಗ್ಗದ ಅಕ್ಕಿ ದೊರೆಯುತ್ತಿತ್ತು. ಹಳ್ಳಿಯ ಕೂಲಿಕಾರನಿಗೆ ಇದ್ದುದು ಸಂತೆಯ ಬೆಲೆಯೊಂದೇ.

ಇದನ್ನು ಬರಿಯ ‘ಅಭಾವ’ವೆಂದು ಕರೆಯುವುದು ನಮಗೆ ಸರಿತೋರುವುದಿಲ್ಲ. ಧಾನ್ಯದ ಒಟ್ಟು ಪ್ರಮಾಣಕ್ಕಿಂತ ಅದನ್ನು ಪಡೆಯುವ ಶಕ್ತಿ ಕುಸಿದುದೇ ಕ್ಷಾಮಕ್ಕೆ ಕಾರಣವೆಂದು ಅಮರ್ತ್ಯ ಸೇನ್ 1981ರಲ್ಲಿ ವಾದಿಸಿದರು. ಈ ವಾದವನ್ನು ಒಪ್ಪದವರೂ ಇದ್ದಾರೆ. ಸತ್ತವರನ್ನು ವಿಚಾರಣಾ ಆಯೋಗವು 1945ರಲ್ಲಿ 15 ಲಕ್ಷವೆಂದು ಅಂದಾಜಿಸಿತು. ಆಮೇಲಿನ ವಿದ್ವಾಂಸರು 30 ಲಕ್ಷದವರೆಗೂ ಹೇಳುತ್ತಾರೆ.

ಹಳ್ಳಿಗರು ಕಲ್ಕತ್ತೆಗೆ ನಡೆದು ಬಂದರು. ಮನೆಬಾಗಿಲುಗಳಲ್ಲಿ ಅವರು ಬೇಡಿದ್ದು ಅನ್ನವನ್ನಲ್ಲ, ‘ಫ್ಯಾನ್’ ಅನ್ನು, ಎಂದರೆ ಅನ್ನ ಬಸಿದ ಗಂಜಿಯನ್ನು. ನಗರದಲ್ಲಿ ಪಡಿತರ ಪದ್ಧತಿ ಜಾರಿಗೆ ಬಂದುದು 1944ರ ಜನವರಿಯ ಕೊನೆಗೆ.