ಹಿಂಗಾರು ಮಳೆಯಲ್ಲಿ ಚೆನ್ನೈ ರಸ್ತೆಗಳು: ವಾಹನ ಚಾಲಕರಿಗೆ ಕೆಲವು ಕಿವಿಮಾತು

ಕರ್ನಾಟಕದಿಂದ ಬಂದು ಚೆನ್ನೈಯಲ್ಲಿ ನೆಲೆಸಿರುವ ನಮಗೆ ಮಳೆ ಹೊಸದೇನಲ್ಲ. ಆದರೆ ನಮ್ಮೂರುಗಳಲ್ಲಿ ಮಳೆಗಾಲವೆಂದರೆ ಜೂನ್‌ನಲ್ಲಿ ಆರಂಭವಾಗುವ ಮುಂಗಾರು. ಚೆನ್ನೈಯ ಮಳೆಗಾಲವೋ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು. ನಗರದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 140 ಸೆಂ.ಮೀ. ಮಳೆಯಾಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸುರಿಯುವುದು ಈ ಮೂರು ತಿಂಗಳುಗಳಲ್ಲೇ. ದೀಪಾವಳಿಗೆಂದು ನಾವು ಸಂಸಾರ ಸಮೇತ ಊರಿಗೆ ಹೊರಡುವ ದಿನಗಳೂ ಇವೇ.

ಮಲೆನಾಡಿನಲ್ಲಿ ಬಿದ್ದ ನೀರು ಇಳಿಜಾರು ಹಿಡಿದು ಹರಿದುಹೋಗುತ್ತದೆ. ಸಮುದ್ರಮಟ್ಟಕ್ಕೆ ಹತ್ತಿರವಿರುವ, ಸಮತಟ್ಟಾದ ಚೆನ್ನೈಯಲ್ಲಿ ಅದು ನಿಲ್ಲುತ್ತದೆ. ಆದ್ದರಿಂದ ಇಲ್ಲಿನ ಚಾಲಕನು ಕಲಿಯಬೇಕಾದ ಮೊದಲ ಪಾಠ, ನಿಂತ ನೀರಿಗೆ ವಾಹನವನ್ನು ಇಳಿಸದಿರುವುದು.

ಕೆರೆಯ ಮೇಲಿನ ರಸ್ತೆಗಳು

ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಅದೇ ಪದಕ್ಕೆ ಕೆರೆ ಎಂದೇ ಅರ್ಥ. ಚೆನ್ನೈಯ ಎಷ್ಟೋ ಬಡಾವಣೆಗಳು ಇಂತಹ ಏರಿಗಳ ಮೇಲೆಯೇ ಎದ್ದಿವೆ. ನಮ್ಮವರಿಗೆ ಚಿರಪರಿಚಿತವಾದ ತ್ಯಾಗರಾಯನಗರವು 1920ರ ದಶಕದಲ್ಲಿ ಮಾಂಬಲದ ದೊಡ್ಡ ಕೆರೆಯನ್ನು ಬತ್ತಿಸಿ ನಿರ್ಮಿಸಿದ ಬಡಾವಣೆ. ದಕ್ಷಿಣದ ಪಳ್ಳಿಕರಣೈ ಮೂಲತಃ ವಿಶಾಲವಾದ ಜೌಗು ಪ್ರದೇಶ.

2015ರ ಡಿಸೆಂಬರ್ ಮೊದಲ ದಿನ ತಾಂಬರಂನಲ್ಲಿ 24 ಗಂಟೆಗಳಲ್ಲಿ ಸುಮಾರು 49 ಸೆಂ.ಮೀ. ಮಳೆ ಸುರಿಯಿತು. ಇದು ನಗರದ ಇಡೀ ವರ್ಷದ ಮಳೆಯ ಮೂರನೆಯ ಒಂದು ಭಾಗ! 2023ರ ಡಿಸೆಂಬರ್‌ನಲ್ಲಿ ಮಿಚೌಂಗ್ ಚಂಡಮಾರುತ ಬಂದಾಗ ಪಳ್ಳಿಕರಣೈಯ ವಸತಿ ಸಮುಚ್ಚಯವೊಂದರ ಮುಂದೆ ನಿಲ್ಲಿಸಿದ್ದ ಕಾರುಗಳು ದೋಣಿಗಳಂತೆ ತೇಲಿಹೋದುದನ್ನು ದೇಶವೇ ನೋಡಿತು. 2024ರ ಅಕ್ಟೋಬರ್‌ನಲ್ಲಿ ಭಾರಿ ಮಳೆಯ ಮುನ್ಸೂಚನೆ ಬಂದೊಡನೆ ವೇಳಚ್ಚೇರಿಯ ನಿವಾಸಿಗಳು ಮೇಲ್ಸೇತುವೆಯ ಮೇಲೆ ಸಾಲುಸಾಲಾಗಿ ಕಾರು ನಿಲ್ಲಿಸಿದರು. ಅದು ಅನುಭವ ಕಲಿಸಿದ ಪಾಠವಾಗಿತ್ತು.

ಎಷ್ಟು ನೀರು ಅಪಾಯಕಾರಿ?

ಸುಮಾರು 30 ಸೆಂ.ಮೀ. ಆಳದ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, 60 ಸೆಂ.ಮೀ. ನೀರು ದೊಡ್ಡ ವಾಹನಗಳನ್ನೂ ಸೆಳೆದೊಯ್ಯಬಲ್ಲದು. ರೈಲು ಹಳಿಗಳ ಕೆಳಗಿನ ಸುರಂಗ ಮಾರ್ಗಗಳಲ್ಲಿ ಮೇಲಿನಿಂದ ನೋಡಿದವರಿಗೆ ಆಳ ತಿಳಿಯುವುದೇ ಇಲ್ಲ. ವ್ಯಾಸರ್ಪಾಡಿಯ ಗಣೇಶಪುರಂ, ಮಾಂಬಲದ ದೊರೈಸ್ವಾಮಿ ಸುರಂಗ ಮಾರ್ಗಗಳ ಹೆಸರು ಮಳೆಗಾಲದ ಸುದ್ದಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಮುಂದಿನ ಬಸ್ಸು ದಾಟಿತೆಂಬ ಧೈರ್ಯದಿಂದ ಹಿಂಬಾಲಿಸುವುದು ಸಲ್ಲದು. ಬಸ್ಸಿನ ಎತ್ತರ ಬೇರೆ, ನಮ್ಮ ಕಾರಿನ ಎತ್ತರ ಬೇರೆ.

ನೀರಿನ ನಡುವೆ ಎಂಜಿನ್ ನಿಂತುಹೋದರೆ ಮತ್ತೆ ಚಾಲನೆ ಮಾಡಲು ಯತ್ನಿಸಲೇಬಾರದು. ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಒಳಗಿನ ದಂಡಗಳೇ ಬಾಗಿ ಮುರಿಯುತ್ತವೆ. ಇಂತಹ ಹಾನಿಗೆ ಸಾಮಾನ್ಯ ವಿಮೆಯಲ್ಲಿ ಪರಿಹಾರ ದೊರೆಯುವುದು ಕಷ್ಟ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇದೆಯೇ ಎಂದು ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳುವುದು ಒಳಿತು. ನೀರು ಏರುತ್ತಿದ್ದರೆ ಕಾರಿನ ಆಸೆ ಬಿಟ್ಟು ಎಲ್ಲರೂ ಕೂಡಲೇ ಇಳಿದು ಎತ್ತರದ ಜಾಗಕ್ಕೆ ಹೋಗಬೇಕು.

ದ್ವಿಚಕ್ರ ವಾಹನದವರಿಗೆ ನೀರಿನಡಿಯ ಗುಂಡಿ, ತೆರೆದ ಚರಂಡಿ, ತುಂಡಾಗಿ ಬಿದ್ದ ವಿದ್ಯುತ್ ತಂತಿ ಇವೇ ದೊಡ್ಡ ಅಪಾಯಗಳು.

ಬೆಂಗಳೂರು ಹೆದ್ದಾರಿಯಲ್ಲಿ

ಶ್ರೀಪೆರುಂಬುದೂರು ದಾಟಿ ಹೆದ್ದಾರಿಯಲ್ಲಿ ವೇಗ ಹೆಚ್ಚಿದಾಗ ಅಪಾಯದ ಬಗೆ ಬದಲಾಗುತ್ತದೆ. ಚಕ್ರದ ತೋಡುಗಳು ನೀರನ್ನು ಪಕ್ಕಕ್ಕೆ ತಳ್ಳಲಾರದಾದಾಗ ಚಕ್ರವು ರಸ್ತೆಯನ್ನು ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಆಗ ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವೆನಿಸುತ್ತದೆ. ಬ್ರೇಕ್ ಒತ್ತದೆ, ಸ್ಟೀರಿಂಗ್ ತಿರುಗಿಸದೆ, ಆಕ್ಸಿಲರೇಟರ್‌ನಿಂದ ನಿಧಾನವಾಗಿ ಕಾಲು ತೆಗೆಯಬೇಕು. ಒದ್ದೆ ರಸ್ತೆಯಲ್ಲಿ ವಾಹನ ನಿಲ್ಲಲು ಒಣ ರಸ್ತೆಗಿಂತ ಸುಮಾರು ಎರಡರಷ್ಟು ದೂರ ಬೇಕಾಗಬಹುದು. ಮುಂದಿನ ವಾಹನದಿಂದ ಅಂತರವನ್ನೂ ಅಷ್ಟೇ ಹೆಚ್ಚಿಸಿರಿ. ಬಹುದಿನಗಳ ಬಿಸಿಲಿನ ನಂತರದ ಮೊದಲ ಮಳೆಯಲ್ಲಿ ಎಣ್ಣೆ, ಧೂಳು ನೀರಿನೊಡನೆ ಸೇರಿ ರಸ್ತೆ ಇನ್ನಷ್ಟು ಜಾರುತ್ತದೆ.

ಹೊರಡುವ ಮುನ್ನ

* ಟೈರಿನ ತೋಡು ಕನಿಷ್ಠ 1.6 ಮಿ.ಮೀ. ಇರಬೇಕೆಂಬುದು ನಿಯಮ, ಮಳೆಗಾಲಕ್ಕೆ ಅದಕ್ಕಿಂತ ಹೆಚ್ಚಿದ್ದರೇ ಕ್ಷೇಮ.
* ವೈಪರ್, ಬ್ರೇಕ್, ದೀಪಗಳನ್ನು ಪರೀಕ್ಷಿಸಿರಿ.
* ಮಳೆಯಲ್ಲಿ ಹಗಲಿನಲ್ಲೂ ಮುಂದೀಪವನ್ನು ತಗ್ಗಿಸಿ ಬೆಳಗಿಸಿರಿ. ನಾಲ್ಕೂ ಮಿನುಗುದೀಪಗಳು ನಿಂತ ವಾಹನಕ್ಕೆ ಮಾತ್ರ. ಚಲಿಸುವಾಗ ಹಾಕಿದರೆ ತಿರುವಿನ ಸೂಚನೆ ಇತರರಿಗೆ ತಿಳಿಯದು.
* ಹವಾಮಾನ ಇಲಾಖೆಯ ಮುನ್ಸೂಚನೆ ಕೆಂಪು ಬಣ್ಣದಲ್ಲಿದ್ದರೆ ಪ್ರಯಾಣವನ್ನು ಮುಂದೂಡಿರಿ.

ಕೊನೆಯದಾಗಿ, ಮನೆಯಲ್ಲಿರುವವರಿಗೂ ಒಂದು ಮಾತು. ಮಳೆ ಸುರಿಯುವ ಸಂಜೆ "ಎಲ್ಲಿದ್ದೀರಿ, ಇನ್ನೂ ಎಷ್ಟು ಹೊತ್ತು?" ಎಂದು ಮತ್ತೆ ಮತ್ತೆ ಬರುವ ಕರೆಯೇ ಎಷ್ಟೋ ಸಲ ಚಾಲಕನನ್ನು ಅವಸರಕ್ಕೆ ನೂಕುತ್ತದೆ. ಅವರು ಕಚೇರಿಯಿಂದ ಹೊರಡುವ ಮೊದಲೇ ಒಮ್ಮೆ ಕರೆ ಮಾಡಿ, "ನೀರು ಇಳಿಯುವವರೆಗೆ ಅಲ್ಲೇ ಇರಿ, ನಾವು ಕಾಯುತ್ತೇವೆ" ಎಂದು ಹೇಳಿಬಿಡಿ. ಒಂದು ರಾತ್ರಿಯ ಊಟ ತಣ್ಣಗಾದರೆ ನಷ್ಟವಿಲ್ಲ.

ಎಲ್ಲರ ಪ್ರಯಾಣವೂ ಸುಖಕರವಾಗಲಿ.