ಹಿರಿಯ ನಾಗರಿಕರ ಆರೋಗ್ಯ ಸೇವೆ: ಸಿಬ್ಬಂದಿಯ ತರಬೇತಿ ಹಾಗೂ ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

60 ವರ್ಷ ಪೂರೈಸಿದವರನ್ನು ಹಿರಿಯ ನಾಗರಿಕರೆಂದು ಪರಿಗಣಿಸಲಾಗುತ್ತದೆ. 2011ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಇವರ ಪ್ರಮಾಣವು ಶೇ. 8.6ರಷ್ಟಿದ್ದು, ಕರ್ನಾಟಕದಲ್ಲಿ ಶೇ. 9.5ರಷ್ಟಿತ್ತು. ವೃದ್ಧಾಪ್ಯದಲ್ಲಿ ಕಾಯಿಲೆಗಳು ಕಾಣಿಸಿಕೊಳ್ಳುವ ಬಗೆಯೇ ಬೇರೆಯಾದುದರಿಂದ, ಆರೈಕೆ ನೀಡುವ ಸಿಬ್ಬಂದಿಗೆ ಪ್ರತ್ಯೇಕ ತರಬೇತಿಯು ಅವಶ್ಯಕವಾಗಿರುತ್ತದೆ. ಸದರಿ ತರಬೇತಿಯ ಸ್ವರೂಪ ಹಾಗೂ ಅದರಿಂದ ಹಿರಿಯರಿಗೆ ದೊರೆಯಬೇಕಾದ ಸೇವೆಗಳನ್ನು ಸಿಗಂದೂರು ಭಾಗದ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ.

ಸಿಗಂದೂರು ಭಾಗದ ಸ್ಥಿತಿಗತಿ

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದ ಹಿನ್ನೀರಿನಿಂದಾಗಿ ಸಾಗರ ತಾಲ್ಲೂಕಿನ ಸಿಗಂದೂರು, ತುಮರಿ ಮತ್ತು ಸುತ್ತಲಿನ ಗ್ರಾಮಗಳು ತಾಲ್ಲೂಕು ಕೇಂದ್ರದಿಂದ ಬೇರ್ಪಟ್ಟವು. ಹಲವು ದಶಕಗಳ ಕಾಲ ಇಲ್ಲಿನ ರೋಗಿಗಳು ಲಾಂಚ್ ಮೂಲಕ ಹೊಳೆ ದಾಟಬೇಕಾಗಿತ್ತು. ಲಾಂಚ್ ಸಂಚಾರ ನಿಂತ ನಂತರ ದೂರದ ಸುತ್ತು ದಾರಿಯೇ ಗತಿಯಾಗಿತ್ತು. ದಿನಾಂಕ 14-07-2025ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯು ಲೋಕಾರ್ಪಣೆಗೊಂಡು ಈ ತೊಂದರೆ ನಿವಾರಣೆಯಾಗಿದೆ.

ಆದಾಗ್ಯೂ, ಹಾಸಿಗೆಯಿಂದ ಏಳಲಾಗದ ಹಿರಿಯರಿಗೆ ಸೇತುವೆಯೊಂದರಿಂದಲೇ ಆರೈಕೆ ದೊರೆಯುವುದಿಲ್ಲ. ಮಕ್ಕಳು ಉದ್ಯೋಗಕ್ಕಾಗಿ ಪರಸ್ಥಳದಲ್ಲಿದ್ದು, ವೃದ್ಧ ದಂಪತಿಗಳಷ್ಟೇ ಇರುವ ಒಂಟಿ ಮನೆಗಳು ಮಲೆನಾಡಿನಲ್ಲಿ ಅಪರೂಪವಲ್ಲ. ಇಂತಹ ಮನೆಗೆ ಮೊದಲು ಭೇಟಿ ನೀಡುವ ಆಶಾ ಕಾರ್ಯಕರ್ತೆಗೆ ಏನನ್ನು ಗಮನಿಸಬೇಕೆಂಬುದು ತಿಳಿದಿರುವುದು ಮುಖ್ಯ.

ಪ್ರತ್ಯೇಕ ತರಬೇತಿಯ ಅವಶ್ಯಕತೆ

1. ಹಿರಿಯರಲ್ಲಿ ಶ್ವಾಸಕೋಶದ ಅಥವಾ ಮೂತ್ರದ ಸೋಂಕು ಉಂಟಾದಾಗ ಜ್ವರ ಬಾರದೆಯೂ ಇರಬಹುದು. ಬದಲಿಗೆ ಹಠಾತ್ ಗೊಂದಲ, ಊಟ ನಿರಾಕರಣೆ ಅಥವಾ ಬೀಳುವಿಕೆಯೇ ಮೊದಲ ಲಕ್ಷಣವಾಗಿರಬಹುದು. "ಅರವತ್ತಕ್ಕೆ ಅರಳು ಮರಳು" ಎಂದು ಇದನ್ನು ಕಡೆಗಣಿಸಿದಲ್ಲಿ ಗುಣವಾಗಬಲ್ಲ ಕಾಯಿಲೆಯೂ ಪ್ರಾಣಾಪಾಯಕ್ಕೆ ಕಾರಣವಾಗುತ್ತದೆ. ಒಂದೆರಡು ದಿನಗಳಲ್ಲಿ ಕಾಣಿಸಿಕೊಂಡ ಗೊಂದಲವನ್ನು, ವರ್ಷಗಳಲ್ಲಿ ನಿಧಾನವಾಗಿ ಹೆಚ್ಚುವ ಮರೆವಿನಿಂದ ಬೇರ್ಪಡಿಸಿ ನೋಡುವುದು ತರಬೇತಿಯ ಪ್ರಮುಖ ಪಾಠಗಳಲ್ಲೊಂದು.

2. ರಕ್ತದೊತ್ತಡ, ಮಧುಮೇಹ, ನೋವು ಹಾಗೂ ನಿದ್ರೆಗೆ ಬೇರೆ ಬೇರೆ ವೈದ್ಯರು ನೀಡಿದ ಮಾತ್ರೆಗಳು ಒಟ್ಟು ಸೇರಿ ತಲೆಸುತ್ತು ಉಂಟುಮಾಡಬಹುದು. ಬಿದ್ದು ಸೊಂಟದ ಮೂಳೆ ಮುರಿದ ಹಿರಿಯರಲ್ಲಿ ಅನೇಕರು ಮೊದಲಿನಂತೆ ನಡೆಯಲಾರರು. ಆದ್ದರಿಂದ ಎಲ್ಲ ಔಷಧಿಗಳನ್ನು ಒಟ್ಟಿಗೆ ಪರಿಶೀಲಿಸುವುದನ್ನು ಕಲಿಸಲಾಗುತ್ತದೆ.

3. ಹಾಸಿಗೆ ಹಿಡಿದವರಿಗೆ ಮಗ್ಗುಲು ಬದಲಿಸದಿದ್ದಲ್ಲಿ ಬೆನ್ನು ಮತ್ತು ಸೊಂಟದ ಭಾಗದಲ್ಲಿ ಹುಣ್ಣುಗಳಾಗುತ್ತವೆ. ಇವುಗಳನ್ನು ತಡೆಯುವ ವಿಧಾನವನ್ನು ಸಿಬ್ಬಂದಿಯು ತಾನು ಕಲಿಯುವುದಲ್ಲದೆ ಮನೆಯವರಿಗೂ ತೋರಿಸಿಕೊಡಬೇಕಾಗುತ್ತದೆ.

ಕಾರ್ಯಕ್ರಮದ ಸ್ವರೂಪ

ಕೇಂದ್ರ ಸರ್ಕಾರವು 2010-11ರಲ್ಲಿ ರಾಷ್ಟ್ರೀಯ ಹಿರಿಯರ ಆರೋಗ್ಯ ಆರೈಕೆ ಕಾರ್ಯಕ್ರಮವನ್ನು ಜಾರಿಗೊಳಿಸಿತು. ಆರಂಭಿಕ ಹಂತಕ್ಕೆ ಆಯ್ಕೆಯಾದ 100 ಜಿಲ್ಲೆಗಳಲ್ಲಿ ಶಿವಮೊಗ್ಗವೂ ಒಂದು. ಕಾರ್ಯಕ್ರಮದ ಮಾರ್ಗಸೂಚಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಚಿಕಿತ್ಸಾಲಯ, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆರಡು ಬಾರಿ ಚಿಕಿತ್ಸಾಲಯ ಹಾಗೂ ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಗಳ ಪ್ರತ್ಯೇಕ ವಾರ್ಡ್‌ಗೆ ಅವಕಾಶ ಕಲ್ಪಿಸಲಾಗಿದೆ. ವೈದ್ಯರು, ಶುಶ್ರೂಷಕರು ಮತ್ತು ಕ್ಷೇತ್ರ ಸಿಬ್ಬಂದಿಯ ತರಬೇತಿಯು ಕಾರ್ಯಕ್ರಮದ ಅವಿಭಾಜ್ಯ ಅಂಗವಾಗಿದೆ.

2021ರಲ್ಲಿ ಪ್ರಕಟವಾದ ಮಾರ್ಗಸೂಚಿಯ ಮೇರೆಗೆ ಆಶಾ ಕಾರ್ಯಕರ್ತೆಯರು, ಸಮುದಾಯ ಆರೋಗ್ಯ ಅಧಿಕಾರಿಗಳು ಮತ್ತು ವೈದ್ಯಾಧಿಕಾರಿಗಳಿಗೆ ಅವರವರ ಕರ್ತವ್ಯಕ್ಕನುಗುಣವಾದ ತರಬೇತಿ ಕೈಪಿಡಿಗಳು ರೂಪುಗೊಂಡಿವೆ. ಹಿರಿಯರನ್ನು ಓಡಾಡಬಲ್ಲವರು, ಸೀಮಿತವಾಗಿ ಓಡಾಡಬಲ್ಲವರು ಹಾಗೂ ಹಾಸಿಗೆ ಅಥವಾ ಮನೆಗೆ ಸೀಮಿತರಾದವರು ಎಂದು ಮೂರು ವರ್ಗಗಳಾಗಿ ಗುರುತಿಸಿ, ಮೂರನೆಯ ವರ್ಗದವರಿಗೆ ಮನೆಯಲ್ಲಿಯೇ ಆರೈಕೆ ಒದಗಿಸುವುದು ಇದರ ಉದ್ದೇಶ.

ಮನೆ ಭೇಟಿಯಲ್ಲಿ ಕೇಳಲಾಗುವ ಪ್ರಶ್ನೆಗಳು

ಆಶಾ ಕಾರ್ಯಕರ್ತೆಯರು ಭರ್ತಿ ಮಾಡುವ ನಮೂನೆಯಲ್ಲಿ 60 ವರ್ಷ ಮೇಲ್ಪಟ್ಟವರಿಗಾಗಿ ಈ ಕೆಳಕಂಡ ಪ್ರಶ್ನೆಗಳಿವೆ:

ಅ) ನಿಲ್ಲುವಾಗ ಅಥವಾ ನಡೆಯುವಾಗ ಓಲಾಡಿದಂತಾಗುತ್ತದೆಯೇ?
ಆ) ಚಲನೆಗೆ ಅಡ್ಡಿಯಾಗುವ ಅಂಗವೈಕಲ್ಯವಿದೆಯೇ?
ಇ) ಊಟ, ಸ್ನಾನ, ಶೌಚ, ನಡಿಗೆ ಮುಂತಾದವುಗಳಿಗೆ ಇತರರ ನೆರವು ಬೇಕಾಗುತ್ತದೆಯೇ?
ಈ) ಹತ್ತಿರದವರ ಹೆಸರು ಅಥವಾ ಸ್ವಂತ ಮನೆಯ ವಿಳಾಸ ಮರೆತುಹೋಗುತ್ತದೆಯೇ?

ಯಾವುದೇ ಪ್ರಶ್ನೆಗೆ "ಹೌದು" ಎಂಬ ಉತ್ತರ ಬಂದಲ್ಲಿ ಹೆಚ್ಚಿನ ತಪಾಸಣೆ ಅವಶ್ಯಕ. ಸಂಕೋಚದಿಂದ ಅಥವಾ ಮಕ್ಕಳಿಗೆ ತೊಂದರೆಯಾದೀತೆಂಬ ಭಾವನೆಯಿಂದ ಹಿರಿಯರು ನಿಜಸ್ಥಿತಿಯನ್ನು ಮರೆಮಾಚಬಾರದು. ಮನೆಯವರು ಹಿರಿಯರ ಪರವಾಗಿ ತಾವೇ ಉತ್ತರಿಸದೆ, ಅವರಿಗೇ ಮಾತನಾಡಲು ಅವಕಾಶ ನೀಡಬೇಕು.

ಕಾನೂನಿನ ರಕ್ಷಣೆ

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 20ನೇ ಪ್ರಕರಣದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಸಾಧ್ಯವಾದಷ್ಟು ಹಾಸಿಗೆ, ಪ್ರತ್ಯೇಕ ಸರದಿ ಸಾಲು ಹಾಗೂ ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರ ಆರೈಕೆಯಲ್ಲಿ ಅನುಭವವುಳ್ಳ ವೈದ್ಯಾಧಿಕಾರಿಯ ನೇತೃತ್ವದ ಸೌಲಭ್ಯ ಕಲ್ಪಿಸಬೇಕೆಂದು ತಿಳಿಸಲಾಗಿದೆ.

ಸಾರ್ವಜನಿಕರಿಗೆ ಸೂಚನೆಗಳು

1. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಲ್ಲಿ ಆಶಾ ಕಾರ್ಯಕರ್ತೆಗೆ ಅಥವಾ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಮಾಹಿತಿ ನೀಡುವುದು.
2. ಆಸ್ಪತ್ರೆಗೆ ಬರುವಾಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳು ಹಾಗೂ ಹಳೆಯ ಚೀಟಿಗಳನ್ನು ತರುವುದು. ಕನ್ನಡಕ ಮತ್ತು ಶ್ರವಣ ಸಾಧನವಿದ್ದಲ್ಲಿ ಧರಿಸಿ ಬರುವುದು.
3. ಹಠಾತ್ ಗೊಂದಲ, ಮಾತು ತೊದಲುವಿಕೆ ಅಥವಾ ಬಿದ್ದು ಏಳಲಾಗದ ಸ್ಥಿತಿಯಲ್ಲಿ ಕಾಯದೆ 108 ಸಂಖ್ಯೆಗೆ ಕರೆ ಮಾಡುವುದು.
4. ಹಿರಿಯ ನಾಗರಿಕರ ಗುರುತಿನ ಚೀಟಿಗೆ ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸುವುದು.
5. ಮಾಹಿತಿ, ಮಾರ್ಗದರ್ಶನ ಹಾಗೂ ದೌರ್ಜನ್ಯದ ದೂರುಗಳಿಗೆ ರಾಷ್ಟ್ರೀಯ ಹಿರಿಯ ನಾಗರಿಕರ ಸಹಾಯವಾಣಿ 14567 ಅನ್ನು ಸಂಪರ್ಕಿಸುವುದು.

ವಯಸ್ಸಾಗುವುದು ಕಾಯಿಲೆಯಲ್ಲ, ಆದರೆ ವಯಸ್ಸಿನ ಹೆಸರಿನಲ್ಲಿ ಕಾಯಿಲೆಯನ್ನು ಕಡೆಗಣಿಸುವುದು ತಪ್ಪಾಗುತ್ತದೆ. ತರಬೇತಿ ಪಡೆದ ಸಿಬ್ಬಂದಿಯ ಸೇವೆಯನ್ನು ಹಿರಿಯ ನಾಗರಿಕರು ಹಾಗೂ ಅವರ ಕುಟುಂಬದವರು ಹಕ್ಕಿನಿಂದ ಕೇಳಿ ಪಡೆಯಬೇಕೆಂದು ಈ ಮೂಲಕ ಕೋರಲಾಗಿದೆ.